ನಿಕಲ್ ಕಾಲಮ್ಮಿನ ಮೇಲೆಯೇ ಎಫ್‌ಎಬಿಪಿ4 ಕೊಬ್ಬು ಬಿಡಿಸಿದ್ದು: ನನ್ನ ಅನುಭವ

ಮಾನವನ ಎಫ್‌ಎಬಿಪಿ4, ಅಂದರೆ ಕೊಬ್ಬಿನ ಅಂಶವಾದ ಫ್ಯಾಟಿ ಆಸಿಡ್ ಅನ್ನು ಕೋಶದೊಳಗೆ ಹೊರುವ ಪ್ರೋಟೀನ್, ತಯಾರಿಸುವುದು ಕಷ್ಟವಲ್ಲ. ಜೀನ್ ಹೊರುವ ಪಿಇಟಿ28ಎ ವೆಕ್ಟರ್, ಪ್ರೋಟೀನ್ ಮಾಡಿಕೊಡುವ ಬಿಎಲ್21 ಡಿಇ3 ಸೆಲ್ (ಇ. ಕೋಲೈ ಬ್ಯಾಕ್ಟೀರಿಯಾ), ಪ್ರೋಟೀನಿನ ತುದಿಗೆ ಹಿಸ್ ಟ್ಯಾಗ್, ಆ ಟ್ಯಾಗನ್ನು ಹಿಡಿದುಕೊಳ್ಳುವ ನಿಕಲ್ ಮಣಿಗಳ ಕಾಲಮ್. ಜೆಲ್‌ನಲ್ಲಿ 17 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಬರುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಇ. ಕೋಲೈ ತನ್ನದೇ ಫ್ಯಾಟಿ ಆಸಿಡ್ ಅನ್ನು ಪ್ರೋಟೀನಿನ ಒಳಗೆ ತುಂಬಿಸಿಯೇ ಕಳಿಸುತ್ತದೆ. ಹಾಗೆ ಜಾಗ ತುಂಬಿರುವ ಪ್ರೋಟೀನಿಗೆ ಒಲೀಕ್ ಆಸಿಡ್ (ಇದೂ ಒಂದು ಫ್ಯಾಟಿ ಆಸಿಡ್) ಹಾಕಿ ಬೈಂಡಿಂಗ್, ಅಂದರೆ ಅದು ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ಅಳೆದರೆ ಬರುವ ಅಂಕಿಯನ್ನು ಯಾರೂ ನಂಬಬಾರದು.

ತುಮಕೂರಿನ ನಮ್ಮ ಸಣ್ಣ ಲ್ಯಾಬಿನಲ್ಲಿ ಕೊಬ್ಬಿಲ್ಲದ ಪ್ರೋಟೀನ್ ಮಾಡುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯರು, ‘ಯಾಕೆ ಸಾರ್, ಸುಮ್ನೆ ರೆಡಿ ಇರೋದೇ ತಗೊಳ್ಳಿ’ ಎಂದರು. ನಮಗೆ ಬಂದ ಕೊಟೇಶನ್ 100 ಮೈಕ್ರೋಗ್ರಾಂಗೆ ಸುಮಾರು 30 ಸಾವಿರ ರೂಪಾಯಿ. ಬೈಂಡಿಂಗ್ ಕೆಲಸಕ್ಕೆ ಬೇಕಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಆ ಮಾತು ಅಲ್ಲಿಗೇ ಮುಗಿಯಿತು.

ಮೊದಲು ಬ್ಯೂಟನಾಲ್ ಹಾಕಿ ಕೊಬ್ಬು ಎಳೆಯಲು ನೋಡಿದೆ. ಎರಡು ಪದರಗಳ ನಡುವೆ ಪ್ರೋಟೀನ್ ಬಿಳಿ ಕೆನೆಯಾಗಿ ಕೂತುಬಿಟ್ಟಿತು. ಆಮೇಲೆ ಇದ್ದಿಲು. ಆಸಿಡ್ ಪಿಎಚ್‌ನಲ್ಲಿ ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೆ ಅದು ಚೆನ್ನಾಗಿ ಆಗುತ್ತದೆ. ಇಲ್ಲಿ ಇದ್ದಿಲು ಕೊಬ್ಬಿನ ಜೊತೆ ಮುಕ್ಕಾಲು ಪಾಲು ಪ್ರೋಟೀನನ್ನೂ ನುಂಗಿತು. ಕೊಬ್ಬು ಹೀರುವ ಲಿಪಿಡೆಕ್ಸ್ ಮಣಿ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮಗೆ ಸಿಕ್ಕಿದ್ದು ದುಬಾರಿ, ತಿಂಗಳುಗಟ್ಟಲೆ ಕಾಯುವುದು ಬೇರೆ. ಇಷ್ಟರಲ್ಲೇ ಸುಮಾರು 40 ಸಾವಿರ ಕರಗಿತ್ತು.

ಕೊನೆಗೆ ಕೈ ಹಿಡಿದದ್ದು ಕಾಲಮ್ಮೇ. ಪ್ರೋಟೀನ್ ನಿಕಲ್ ಮಣಿಗೆ ಅಂಟಿಕೊಂಡಿರುವಾಗಲೇ ಪ್ರೋಟೀನಿನ ಮಡಿಕೆ ಬಿಚ್ಚುವ ಗ್ವಾನಿಡೀನ್ ಎಂಬ ರಾಸಾಯನಿಕವನ್ನು 6 ಮೋಲಾರ್‌ನಲ್ಲಿ ಹರಿಸಿದೆ. ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ, ಒಳಗಿನ ಕೊಬ್ಬು ತೊಳೆದುಹೋಗುತ್ತದೆ, ಟ್ಯಾಗ್ ಮಾತ್ರ ಮಣಿಯನ್ನು ಬಿಡುವುದಿಲ್ಲ. ‘ಬಿಚ್ಚಿದ್ದು ಮತ್ತೆ ಸರಿಯಾಗಿ ಮಡಚಿಕೊಳ್ಳಲ್ಲ’ ಎಂದು ಕೇಳಿದವರೆಲ್ಲ ಹೇಳಿದರು. ನನಗೆ ಧೈರ್ಯ ಇತ್ತು. ಇದು 132 ಅಮೈನೋ ಆಸಿಡ್‌ಗಳ ಪುಟ್ಟ ಪ್ರೋಟೀನ್, ಪೀಪಾಯಿಯಂಥ ಒಂದೇ ಮಡಿಕೆ (ಬೀಟಾ ಬ್ಯಾರೆಲ್). ಅದೂ ಒಂದೊಂದು ಅಣುವೂ ಮಣಿಗೆ ಕಟ್ಟಿಹಾಕಿದ ಹಾಗೆ ದೂರದೂರ ಇರುವಾಗ ಒಂದಕ್ಕೊಂದು ಅಂಟಿ ಗಂಟಾಗುವುದು ಕಡಿಮೆ. ಗ್ವಾನಿಡೀನನ್ನು ಹಂತಹಂತವಾಗಿ ಇಳಿಸಬೇಕು. ಎಷ್ಟು ಹಂತ, ಯಾವ ಹಂತದಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕು ಎನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಡಿಟಿಟಿ ಎಂಬ ರಿಡ್ಯೂಸಿಂಗ್ ರಾಸಾಯನಿಕವನ್ನು ಮಾತ್ರ ಹತ್ತಿರ ಸೇರಿಸಬೇಡಿ, ಕಾಲಮ್ ಕಂದು ಬಣ್ಣಕ್ಕೆ ತಿರುಗುತ್ತದೆ.

ಕೊಬ್ಬು ಹೋಯಿತೇ ಎಂದು ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಪ್ರೋಟೀನನ್ನು ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಎಳೆದು, ಸಿಲಿಕಾ ಪ್ಲೇಟ್ ಮೇಲೆ ಒಲೀಕ್ ಆಸಿಡ್ ಪಕ್ಕದಲ್ಲಿ ಓಡಿಸಿ, ಅಯೋಡಿನ್ ಹೊಗೆಗೆ ಹಿಡಿದೆ. ತೊಳೆಯದ ಪ್ರೋಟೀನಿನಲ್ಲಿ ಕಂದು ಚುಕ್ಕೆ ಬಂತು. ತೊಳೆದದ್ದರಲ್ಲಿ ಏನೂ ಇಲ್ಲ. ಪ್ರೋಟೀನಿನ ಖಾಲಿ ಜಾಗದಲ್ಲಿ ಕೂತಾಗ ಹೊಳೆಯುವ ಎಎನ್‌ಎಸ್ ಎಂಬ ಡೈ ಹಾಕಿದಾಗ ಫ್ಲೂರೆಸೆನ್ಸ್ (ಹೊಳಪು) ಮೊದಲಿಗಿಂತ ಸುಮಾರು ಮೂರು ಪಟ್ಟು ಏರಿತು. ಒಲೀಕ್ ಆಸಿಡ್ ಸೇರಿಸುತ್ತಾ ಹೋದಂತೆ ಎಎನ್‌ಎಸ್ ಹೊರಬಿದ್ದು ಹೊಳಪು ಚೆನ್ನಾಗಿ ಇಳಿಯಿತು. ಆ ಗ್ರಾಫ್ ಕಳಿಸಿದ ಮೇಲೆ ಬೆಂಗಳೂರಿನಿಂದ ಬಂದ ಫೋನುಗಳಲ್ಲಿ ಒಂದೇ ಪ್ರಶ್ನೆ, ‘ಎಷ್ಟು ಹಂತ ಸಾರ್?’

ಒಂದು ಮಾತು ನಮ್ಮ ಕಡೆಯವರಿಗೆ. ಇಲ್ಲಿನ ಬೋರ್‌ವೆಲ್ ನೀರು ಗಡಸು. ನೀರಿನ ಕ್ಯಾಲ್ಸಿಯಂ ಒಲೀಕ್ ಆಸಿಡ್ ಜೊತೆ ಸೇರಿ ಸೋಪಿನಂಥ ಮಡ್ಡಿ ಕಟ್ಟುತ್ತದೆ, ಅಳೆಯುವ ಪುಟ್ಟ ಪಾತ್ರೆ (ಕ್ಯುವೆಟ್) ಮಂಜಾಗುತ್ತದೆ. ಗಾಜಿನ ಸಾಮಾನನ್ನು ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲವಾದರೂ ಜಾಲಿಸಲೇಬೇಕು. ಒಲೀಕ್ ಆಸಿಡ್ ಸ್ಟಾಕ್ ಗಾಜಿನಲ್ಲೇ ಇರಲಿ, ಪ್ಲಾಸ್ಟಿಕ್ಕಿಗೆ ಅಂಟುತ್ತದೆ.

ಕರೆಂಟ್ ಕಾಟ ಹೇಳಿ ಮುಗಿಯದು. 18 ಡಿಗ್ರಿಯಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾ ಬೆಳೆಸುವ ಶೇಕರ್ ಓಡಿಸುವುದು ಬೇಸಿಗೆಯಲ್ಲಿ ಆಗದ ಮಾತು. 25 ಡಿಗ್ರಿಗೆ ಏರಿಸಿದೆ. ಈ ಪ್ರೋಟೀನ್ ಕರಗಿಯೇ ಇತ್ತು. ಬ್ಯಾಕ್ಟೀರಿಯಾ ಪ್ರೋಟೀನ್ ಮಾಡಲು ಶುರು ಮಾಡುವಂತೆ ಹಾಕುವ ಐಪಿಟಿಜಿ ಬದಲು ಲ್ಯಾಕ್ಟೋಸ್ ಹಾಕಿಯೂ ನೋಡಿದೆ, ಇಳುವರಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಲೀಟರಿಗೆ 30 ಮಿಲಿಗ್ರಾಂ ಹತ್ತಿರ ಬಂತು. ಕೊಬ್ಬು ಬಿಡಿಸಿದ ಮೇಲೆ 20ಕ್ಕೆ ಮೋಸವಿಲ್ಲ.

ಆಸೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ನಮ್ಮ ತಿಪಟೂರಿನ ಕೊಬ್ಬರಿ ಎಣ್ಣೆ ಇದೆಯಲ್ವಾ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಸಿಡ್. ಎಣ್ಣೆಯನ್ನು ಹಾಗೇ ಹಾಕಿದರೆ ಉಪಯೋಗವಿಲ್ಲ, ಅದರ ಟ್ರೈಗ್ಲಿಸರೈಡ್ (ಮೂರು ಫ್ಯಾಟಿ ಆಸಿಡ್ ಸೇರಿದ ದೊಡ್ಡ ಅಣು) ಈ ಪ್ರೋಟೀನಿನೊಳಗೆ ಹಿಡಿಸುವುದಿಲ್ಲ. ಪೊಟ್ಯಾಶ್‌ನಲ್ಲಿ ಸೋಪು ಮಾಡಿ, ಆಸಿಡ್ ಹಾಕಿ, ಹೆಕ್ಸೇನಿನಲ್ಲಿ ಎಳೆದು ಕೊಟ್ಟೆ. ಎಎನ್‌ಎಸ್ ಅನ್ನು ಹೊರಗೆ ತಳ್ಳಿತು, ಆದರೆ ಒಲೀಕ್‌ಗಿಂತ ತುಂಬಾ ಜಾಸ್ತಿ ಬೇಕಾಯಿತು. ಲಾರಿಕ್‌ನ 12 ಕಾರ್ಬನ್ ಸರಪಳಿ ಒಲೀಕ್‌ನ 18ರಷ್ಟು ಗಟ್ಟಿಯಾಗಿ ಕೂರುವುದಿಲ್ಲ ಎಂಬುದು ನಮ್ಮೂರ ಎಣ್ಣೆಯಲ್ಲೇ ಕಂಡಿತು.

ಈಗ ಒಂದು ಬ್ಯಾಚಿಗೆ ಎಲ್ಲ ಸೇರಿ 5-6 ಸಾವಿರ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಗ್ವಾನಿಡೀನ್‌ನದು. ಇದೇ ಕಾಲಮ್ಮಿನಲ್ಲಿ ಹೃದಯದ ಎಫ್‌ಎಬಿಪಿ3 ಶುರು ಮಾಡಿದ್ದೇನೆ, ಅದಕ್ಕೆ ಗ್ವಾನಿಡೀನ್ ಬದಲು ಯೂರಿಯಾ ಸಾಕಾಗುತ್ತದೆಯೇ ಎಂದು ನೋಡುತ್ತಿದ್ದೇನೆ.