ಸಾಣಿಗಿ, ಛನ್ನಿ, ಝಾರಾ: ತಗೊಳ್ಳೋ ಮೊದ್ಲು ತೂತು ನೋಡ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಸ್ಟೀಲ್ ಸಾಮಾನಿನ ಅಂಗಡಿಗೆ ಹೋದ್ರ ಸೋಸೋ, ಕರಿಯೋ ತೂತಿನ ಸಾಮಾನು ಗೋಡಿ ತುಂಬ ತೂಗುಹಾಕಿರ್ತಾರ, ಎಲ್ಲಾ ಫಳಫಳ ಅಂತಿರ್ತಾವ, ಐದು ಪೀಸಿನ ಸೆಟ್ ಅಂತ ಕೈಗೆ ಕೊಡ್ತಾರ, ನಾವೂ ತಂದು ಎರಡು ಬಳಸಿ ಮೂರು ಅಟ್ಟಕ್ಕ ಹಾಕ್ತೀವಿ. ಸೆಟ್ ಬ್ಯಾಡ್ರಿ. ಮನ್ಯಾಗ ವಾರಕ್ಕ ಏನೇನು ಸೋಸ್ತೀವಿ, ಏನೇನು ಕರಿತೀವಿ ಅಂತ ಮೊದ್ಲು ಬೆರಳು ಮಡಚಿ ಎಣಿಸ್ರಿ, ಅಷ್ಟಕ್ಕ ಬೇಕಾದ್ದು ತಗೊಳ್ರಿ.

ನಮ್ಮ ಕಡೆ ರೊಟ್ಟಿ ಇಲ್ದ ದಿನ ಇಲ್ಲ, ಹಂಗಾಗಿ ಹಿಟ್ಟಿನ ಸಾಣಿಗಿಯಿಂದ ಶುರು ಮಾಡೋಣು. ಅದರ ತಂತಿ ಜಾಳಗಿಗೆ ಮೆಶ್ ನಂಬರ್ ಅಂತ ಇರ್ತದ, ಒಂದು ಇಂಚಿನಾಗ ಎಷ್ಟು ಕಂಡಿ ಅವ ಅನ್ನೋದೇ ಆ ನಂಬರ್, ನಂಬರ್ ಏರಿದಷ್ಟು ತೂತು ಸಣ್ಣ. 20 ಮೆಶ್ ಅಂದ್ರ ತೂತು ಸುಮಾರು 0.85 ಮಿ.ಮೀ., 40 ಅಂದ್ರ 0.4ರ ಹತ್ರ. ಜೋಳದ ಹಿಟ್ಟು 40ರಾಗ ಸಾಣಿಸಿದ್ರ ನುಣ್ಣಗ ಬೀಳ್ತದ, ಆದ್ರ ತವಡು ಭಾಳ ಹೊರಗ ಹೋಗ್ತದ, ಅದರ ಜೋಡಿ ನಾರೂ ಹೋಯ್ತು. ನಾನಂತೂ 30ರ ಆಸುಪಾಸಿಂದೇ ಇಟ್ಟೀನಿ. ಅಂಗಡ್ಯಾಗ ಭಾಳ ಸಲ ನಂಬರ್ ಬರೆದಿರಂಗಿಲ್ಲ, ಸ್ಕೇಲ್ ಇಟ್ಟು ಅರ್ಧ ಇಂಚಿನಾಗ ಕಂಡಿ ಎಣಿಸಿ ಡಬಲ್ ಮಾಡ್ರಿ. ಅಂಗಡಿಯವ ನಗ್ತಾನ, ನಗ್ಲಿ ಬಿಡ್ರಿ.

ಚಾ ಸೋಸೋದಕ್ಕ ಛನ್ನಿ ಅಂತೀರೋ ಗಾಳಣಿ ಅಂತೀರೋ, ಅದರಾಗ ನೋಡಬೇಕಾದ್ದು ಅಂಚು. ಜಾಳಗಿ ಅಂಚಿನೊಳಗ ಮಡಚಿ ಗಟ್ಟಿ ಕೂತಿರಬೇಕು, ಹೆಬ್ಬೆಟ್ಟಿನಿಂದ ನಡುವ ಒತ್ತಿದ್ರ ಕದಲಬಾರದು. ನಾನು ಒಮ್ಮೆ ಅಗ್ಗಕ್ಕ ಸಿಕ್ತು ಅಂತ ತಂದಿದ್ದೆ, ಎರಡೇ ತಿಂಗಳಿಗೆ ಅಂಚು ಬಿಟ್ಟು ತಂತಿ ಎಳಿ ಬೀಗರ ಚಾ ಕಪ್ಪಿನಾಗೇ ಸಿಕ್ತು, ಆ ಮಾತು ಈಗಲೂ ಮನ್ಯಾಗ ನಡೀತದ.

ಇನ್ನು ಹೋಳಿಗಿ ಹಬ್ಬದ ದಿನ. ಬೇಯಿಸಿದ ಬ್ಯಾಳಿ ಬಸಿಯೋಕ ಸಣ್ಣ ಜಾಳಗಿ ತಗೊಂಡ್ರ ಮೆತ್ತಗಿನ ಬ್ಯಾಳಿ ಕಂಡಿಗೆ ಮೆತ್ತಿ ಕಟ್ಟು ಕೆಳಗೇ ಇಳಿಯಂಗಿಲ್ಲ, ಕಟ್ಟಿನ ಸಾರು ಕಾಯ್ತಾ ಕೂಡಬೇಕಾಗ್ತದ. ಅದಕ್ಕ ತಗಡಿನಾಗ ದುಂಡನೆ ತೂತು ಹೊಡೆದ, ಕೆಳಗ ಪಾದ ಇರೋ ಅಗಲ ಬುಟ್ಟಿಯಂಥದ್ದು ಬೇಕು, ಎರಡೂ ಕಡೆ ಹಿಡಿ ಇದ್ರ ಇನ್ನೂ ಚಲೋ. ಆದ್ರ ತೊಗರಿ ಬ್ಯಾಳಿ ಕುದಿಯುವಾಗ ಬರೋ ನೊರಿ ತೆಗೆಯೋದು ಬ್ಯಾರೇನೇ ಕೆಲಸ, ಅಲ್ಲಿ ಚಪ್ಪಟಿ ಸಣ್ಣ ಜಾಳಗಿ ಸೌಟೇ ಬೇಕು, ದೊಡ್ಡ ತೂತಿನಾಗ ನೊರಿ ವಾಪಸ್ ಜಾರಿ ಬೀಳ್ತದ.

ಪೂರಿ, ಮಿರ್ಚಿ ಭಜಿಗೆ ಝಾರಾ, ಅಂದ್ರ ಕರಿದದ್ದು ಎತ್ತೋ ತೂತಿನ ಸೌಟು. ಬಂಡ್ಲಿ ಎಷ್ಟು ಆಳ ಅದನೋ ಅದಕ್ಕಿಂತ ಹಿಡಿ ಉದ್ದ ಇರಬೇಕು, ಪೊಳ್ಳು ಹಿಡಿಯ ತುದಿ ಮುಚ್ಚಿರಬೇಕು, ಇಲ್ದಿದ್ರ ತೊಳೆದ ನೀರು ಒಳಗ ನಿಂತು ಆಮೇಲೆ ಬಿಸಿ ಎಣ್ಣಿಗೆ ಬಿದ್ದು ಸಿಡಿತದ. ಹಿಡಿ ಸೇರೋ ಜಾಗದ ವೆಲ್ಡಿಂಗ್ ಎಳೆದು ನೋಡ್ರಿ. ಭಜಿ ಕರಿದ ಮ್ಯಾಲೆ ಉಳಿಯೋ ಹಿಟ್ಟಿನ ಚೂರು ಝಾರಾಕ್ಕ ಸಿಗಂಗಿಲ್ಲ, ಅದು ಸುಟ್ಟು ಎಣ್ಣಿ ಕರ್ರಗ ಆಗ್ತದ, ಅಲ್ಲಿಗೂ ಅದೇ ನೊರಿ ತೆಗೆಯೋ ಜಾಳಗಿ ಸೌಟು ಆಗ್ತದ, ಎಣ್ಣಿಗೆ ಹಾಕೋ ಮೊದ್ಲು ಪೂರ್ತಿ ಒಣಗಿರಲಿ. ಬುಂದಿ ಝಾರಾ ವರ್ಷಕ್ಕ ಒಮ್ಮೆ ಅಂದ್ರ ಪಕ್ಕದ ಮನ್ಯಾಗ ಕೇಳಿ ತರ್ರಿ, ಖರೇ ಹೇಳ್ತೀನಿ.

ಮ್ಯಾಗ್ನೆಟ್ ಹಿಡೀಲಿಲ್ಲ ಅಂದ್ರ ಚಲೋ ಸ್ಟೀಲ್ ಅಂತ ಪರೀಕ್ಷೆ ಮಾಡೋರನ್ನ ಪೂರಾ ನಂಬಬ್ಯಾಡ್ರಿ. 304 ಅನ್ನೋ ದರ್ಜೆಯ ಸ್ಟೀಲಿನಾಗ ಸುಮಾರು 18% ಕ್ರೋಮಿಯಂ, 8% ನಿಕಲ್ ಇರ್ತದ, ಮ್ಯಾಗ್ನೆಟ್ ಸಾಮಾನ್ಯಕ್ಕ ಹಿಡಿಯಂಗಿಲ್ಲ, ಆದ್ರ ನಿಕಲ್ ಕಮ್ಮಿ ಇರೋ 202 ದರ್ಜೆಗೂ ಅದು ಹಿಡಿಯಂಗಿಲ್ಲ. ಹುಣಸಿ ರಸ ಸೋಸೋಕ ಅಲ್ಯೂಮಿನಿಯಂ ಬ್ಯಾಡ, ಹುಳಿ ಅದನ್ನ ತಿಂತದ.

ಮನಿಗೆ ತಂದ ಮ್ಯಾಲೆ ಹಿಟ್ಟಿನ ಸಾಣಿಗಿಗೆ ನೀರು ಮುಟ್ಟಿಸೋ ಮೊದ್ಲು ಒಣ ಬ್ರಶ್ಶಿನಿಂದ ಝಾಡಿಸ್ರಿ, ಇಲ್ದಿದ್ರ ಕಂಡಿ ಕಂಡಿಗೂ ಹಿಟ್ಟಿನ ಮುದ್ದಿ. ಬೋರ್ ನೀರಿನ ಬಿಳಿ ಉಪ್ಪು ಛನ್ನಿಗೆ ಕಟ್ಟಿದ್ರ ನಿಂಬಿ ರಸ ಹಾಕಿದ ಬಿಸಿನೀರಿನಾಗ ಅರ್ಧ ತಾಸು ನೆನೆಸಿ ಹಳೆ ಹಲ್ಲುಜ್ಜೋ ಬ್ರಶ್ಶಿನಿಂದ ತಿಕ್ಕಿದ್ರ ಆಯ್ತು.