ಆನ್‌ಲೈನ್ ನಡವಳಿಕೆ: ಮನೆ, ಶಾಲೆ ಸೇರಿ ಮಕ್ಕಳಿಗೆ ಕಲಿಸುವುದು ಹೇಗೆ?

ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬ ಹುಡುಗನ ಫೋಟೊ ಸ್ಟಿಕ್ಕರ್ ಆಗಿ ಓಡಾಡುತ್ತದೆ. ಗೊತ್ತಾದ ಕೂಡಲೇ ಸ್ಟಿಕ್ಕರ್ ಹಾಕಿದ ಮಗುವಿನ ಅಪ್ಪ ಫೋನ್ ಕಿತ್ತುಕೊಳ್ಳುತ್ತಾರೆ. ಶಾಲೆಯವರು ‘ಮನೆಯಲ್ಲಿ ನಡೆದದ್ದು, ನಾವೇನು ಮಾಡೋಣ’ ಅನ್ನುತ್ತಾರೆ. ಇದನ್ನು ಎಷ್ಟು ಕಡೆ ನೋಡಿದ್ದೇನೋ. ಹೀಗಾದಾಗ ಮಗು ಕಲಿಯುವುದು ಒಂದೇ, ಮುಂದಿನ ಸಲ ಸಿಕ್ಕಿಬೀಳಬಾರದು ಅಂತ.

ಮೊದಲು, ನಿಯಮ ಎರಡೂ ಕಡೆ ಒಂದೇ ಇರಲಿ. ವರ್ಷದ ಮೊದಲ ಪೋಷಕರ ಸಭೆಗೆ ಮಕ್ಕಳನ್ನೂ ಕೂರಿಸಿಕೊಂಡು ಮೂರೇ ಮೂರು ಬರೆಯಿರಿ: ಕೇಳದೆ ಯಾರ ಫೋಟೊವನ್ನೂ ಹಾಕಬಾರದು, ಎದುರಿಗೆ ಹೇಳಲಾಗದ್ದನ್ನು ಟೈಪ್ ಮಾಡಬಾರದು, ನಿಜವೋ ಸುಳ್ಳೋ ಗೊತ್ತಿಲ್ಲದ್ದನ್ನು ಫಾರ್ವರ್ಡ್ ಮಾಡಬಾರದು. ಡೈರಿಯ ಮೊದಲ ಪುಟಕ್ಕೆ ಅಂಟಿಸಿ, ಸಾಕು.

ಎರಡನೆಯದು, ದೊಡ್ಡವರೂ ಅದನ್ನು ಪಾಲಿಸಬೇಕು. ಮಗಳ ಫೋಟೊ ಸ್ಟೇಟಸ್‌ಗೆ ಹಾಕುವ ಮುಂಚೆ ‘ಹಾಕ್ಲಾ?’ ಅಂತ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಪ್ರತಿಭಾ ಕಾರಂಜಿಯ ಫೋಟೊ ಫೇಸ್‌ಬುಕ್‌ಗೆ ಹಾಕುವ ಮುಂಚೆ ಟೀಚರ್ ಕೂಡ ಕೇಳಲಿ. ಇನ್‌ಸ್ಟಾಗ್ರಾಂ ಖಾತೆಗೆ 13 ವರ್ಷ ತುಂಬಿರಬೇಕು. ಐದನೇ ಕ್ಲಾಸಿನ ಮಗುವಿಗೆ ಅಪ್ಪನೇ ಸುಳ್ಳು ಹುಟ್ಟಿದ ದಿನ ಹಾಕಿ ಖಾತೆ ತೆರೆದುಕೊಟ್ಟರೆ, ಆಮೇಲೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು?

ಫಾರ್ವರ್ಡ್ ವಿಷಯ ಸಣ್ಣದಲ್ಲ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಹೈಸ್ಕೂಲ್ ಮಕ್ಕಳಿಗೆ ಇದನ್ನು ಹೇಳಿ. ಮೆಸೇಜಿನ ಮೇಲೆ ಎರಡು ಬಾಣ ಕಂಡರೆ ಅದು ಬಹಳ ಕೈ ದಾಟಿ ಬಂದದ್ದು ಅಂತ ತೋರಿಸಿಕೊಡಿ.

ಈಗ ಎಲ್ಲರೂ ಎಡವುವ ಜಾಗ. ನಿಮ್ಮ ಮಗುವೇ ತಪ್ಪು ಮಾಡಿದೆ ಅಂತಿಟ್ಟುಕೊಳ್ಳಿ. ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ, ನಾಳೆ ಅದಕ್ಕೇ ಯಾರಾದರೂ ಕಾಟ ಕೊಟ್ಟಾಗಲೂ ಬಂದು ಹೇಳುವುದಿಲ್ಲ. ಪಕ್ಕದಲ್ಲಿ ಕೂತು ‘ಏನೇನಾಯ್ತು, ಮೊದಲಿಂದ ಹೇಳು’ ಅನ್ನಿ, ಪೂರ್ತಿ ಕೇಳುವ ತನಕ ನಡುವೆ ಬಾಯಿ ಹಾಕಬೇಡಿ. ಸ್ಟಿಕ್ಕರ್ ಅಳಿಸುವ ಮುಂಚೆ ಯಾರು, ಯಾವಾಗ ಕಳಿಸಿದರು ಅನ್ನುವುದು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಕ್ಲಾಸ್ ಟೀಚರ್‌ಗೆ ಮಾತ್ರ ತೋರಿಸಿ. ಚಿತ್ರ ಅಶ್ಲೀಲವಾಗಿದ್ದರೆ ಸ್ಕ್ರೀನ್‌ಶಾಟ್ ಬೇಡವೇ ಬೇಡ, ಯಾರಿಗೂ ಕಳಿಸಲೂಬೇಡಿ, ನೇರ ಪೊಲೀಸರ ಹತ್ತಿರ ಹೋಗಿ. ಪೋಷಕರ ಗ್ರೂಪಿಗಂತೂ ಏನನ್ನೂ ಹಾಕಬೇಡಿ. ಅಲ್ಲಿ ಹಾಕಿದರೆ ಮಕ್ಕಳ ಜಗಳ ದೊಡ್ಡವರ ಜಗಳವಾಗಿ, ಆ ಹುಡುಗನ ಫೋಟೊ ಇನ್ನಷ್ಟು ಮನೆ ಸೇರುತ್ತದೆ.

ಆಮೇಲೆ ಕ್ಷಮೆ. ಅದನ್ನು ಎದುರಿಗೇ ಕೇಳಬೇಕು, ಎರಡೂ ಮನೆಯವರು ಮತ್ತು ಟೀಚರ್ ಇದ್ದರೆ ಒಳ್ಳೆಯದು. ‘ಸಾರಿ ಕಣೋ’ ಅಂದರೆ ಮುಗಿಯಲಿಲ್ಲ. ಯಾವ ಗ್ರೂಪಿನಲ್ಲಿ ಸ್ಟಿಕ್ಕರ್ ಹಾಕಿತ್ತೋ ಅಲ್ಲೇ ‘ನಾನು ಮಾಡಿದ್ದು ತಪ್ಪು, ಎಲ್ಲರೂ ಅಳಿಸಿ’ ಅಂತ ಮಗುವೇ ಬರೆಯಲಿ, ನೀವು ಬರೆದುಕೊಡಬೇಡಿ. ಇಡೀ ತರಗತಿಯ ಮುಂದೆ ನಿಲ್ಲಿಸಿ ಬೈಯುವ ಪದ್ಧತಿಯನ್ನು ಟೀಚರ್‌ಗಳು ದಯವಿಟ್ಟು ಬಿಡಿ. ಅವಮಾನ ಮಾಡಬಾರದು ಅಂತ ಅವಮಾನ ಮಾಡಿ ಕಲಿಸಲಾಗುವುದಿಲ್ಲ, ಅಲ್ವಾ?

ಮಗುವಿಗೆ ಗೊತ್ತಾಗದಂತೆ ಫೋನ್ ಇಣುಕಿ ನೋಡುವ ಆ್ಯಪ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಒಂದು ದಿನ ಗೊತ್ತಾಗಿಯೇ ಆಗುತ್ತದೆ, ಅಲ್ಲಿಗೆ ನಂಬಿಕೆ ಹೋಯಿತು. ಬೆದರಿಕೆ ಅಥವಾ ಅಪರಿಚಿತರ ಕಾಟ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ. ಎರಡೂ ನಂಬರ್ ಡೈರಿಯ ಅದೇ ಪುಟದಲ್ಲಿ ಮಗುವಿನ ಕೈಯಲ್ಲೇ ಬರೆಸಿ.