ಕಾಪಟಿಕನ ಹೆಗಲಿಗೆ ಶಾಲೆಯ ಬ್ಯಾಗು: ಹುಡುಗ ಗೂಢಚಾರನ ಕಾದಂಬರಿ ಕಟ್ಟುವ ಬಗೆ

ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಿಂದ ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರ ಪಟ್ಟಿಯೊಂದಿದೆ. ಅದರ ಮೊದಲ ಹೆಸರು ಕಾಪಟಿಕ. ಅಂದರೆ ಇತರರ ಮರ್ಮ ಬಲ್ಲ, ಎದೆಗಾರಿಕೆಯ ವಿದ್ಯಾರ್ಥಿ. ಶಾಲಾ ಹುಡುಗನನ್ನು ನಾಯಕನಾಗಿಸಿ ಕಾದಂಬರಿ ಬರೆಯುವವರು ಇಲ್ಲಿಂದ ಶುರುಮಾಡಿ. ಹುಡುಗನ ಕೈಗೆ ಪಿಸ್ತೂಲು ಕೊಡಬೇಕಿಲ್ಲ. ಯಾರೂ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅವನ ಆಯುಧ ಅದೇ.

ವಯಸ್ಸು 14, ಓದುತ್ತಿರುವುದು 9ನೇ ಕ್ಲಾಸು ಎಂದು ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಹುಡುಗನಿಗೆ ಟ್ಯೂಷನ್ನಿನಿಂದ ಬಿಡುವೇ ಸಿಗದು. 7ನೇ ಕ್ಲಾಸಿನವನನ್ನು ಮನೆಯವರು ಒಬ್ಬನನ್ನೇ ದೂರ ಕಳಿಸರು. ತಂದೆತಾಯಿಯನ್ನು ಮೊದಲ ಅಧ್ಯಾಯದಲ್ಲೇ ಸಾಯಿಸುವ ಹಳೆಯ ಉಪಾಯ ಬೇಡ. ಅಮ್ಮ ಬದುಕಿರಲಿ, "ಎಲ್ಲಿದ್ದೀಯೋ, ಕತ್ತಲಾಯ್ತು" ಅಂತ ಫೋನು ಮಾಡುತ್ತಿರಲಿ. ಅಡಗಿ ಕೂತವನ ಜೇಬಿನಲ್ಲಿ ಆ ಫೋನು ಗುಂಯ್ ಎಂದರೆ ಸಾಕು, ಬಾಂಬು ಬೇಕಾಗಿಲ್ಲ.

ಬರೆಯುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಗಂಟೆ, ಅವನು ಎಲ್ಲಿದ್ದಾನೆ ಎಂದು ಮನೆಯವರು ತಿಳಿದಿದ್ದಾರೆ, ನಿಜವಾಗಿ ಎಲ್ಲಿದ್ದಾನೆ. ಪ್ರತಿ ದೃಶ್ಯಕ್ಕೂ ಇದನ್ನು ತುಂಬಿ. ಶಾಲೆ ಬಿಡುವುದು ನಾಲ್ಕೂವರೆಗೆ, ಮನೆಯಲ್ಲಿರಬೇಕಾದ್ದು ಆರೂವರೆಗೆ ಎಂದಾದರೆ ನಿಮ್ಮ ಕೈಯಲ್ಲಿರುವುದು ಎರಡೇ ತಾಸು. ಹೆಚ್ಚಿನ ಹಸ್ತಪ್ರತಿಗಳು ಕೆಡುವುದು ನಡುಭಾಗದಲ್ಲಿ. ಬೆನ್ನಟ್ಟುವ ಭರದಲ್ಲಿ ಶಾಲೆ, ಹಾಜರಾತಿ, ಹೋಂವರ್ಕು ಎಲ್ಲ ಮಾಯವಾಗಿ, ಹುಡುಗ ಗಿಡ್ಡ ದೇಹದ ದೊಡ್ಡವನಾಗಿಬಿಡುತ್ತಾನೆ. ಹೆಚ್ಚು ಹೊತ್ತು ಬೇಕಿದ್ದರೆ ಕೊನೆಯ ಭಾಗವನ್ನು ದಸರಾ ರಜೆಗೆ ತಳ್ಳಿ. ಯೂನಿಫಾರಂ ಕೂಡ ಗಡಿಯಾರ ನೋಡಿ ಕೆಲಸ ಮಾಡುವ ವೇಷ. ಸಂಜೆ ಐದಕ್ಕೆ ಜೆರಾಕ್ಸ್ ಅಂಗಡಿ, ಚುರುಮುರಿ ಗಾಡಿ, ಬಸ್‌ಸ್ಟ್ಯಾಂಡಿನಲ್ಲಿ ಅದು ಯಾರ ಕಣ್ಣಿಗೂ ಬೀಳದು. ಬೆಳಿಗ್ಗೆ ಹನ್ನೊಂದಕ್ಕೆ ಅದೇ ಬಟ್ಟೆಯಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ಹೂವಿನವಳೂ "ಯಾಕಪ್ಪ, ಸ್ಕೂಲಿಲ್ವಾ?" ಅನ್ನುತ್ತಾಳೆ.

ಕದಿಯುವ ವಸ್ತು ಯಾವುದು? ಕನ್ನಂಬಾಡಿ ಕಟ್ಟೆ ಒಡೆಯುವ ಸಂಚು ಸವೆದುಹೋಗಿದೆ. ತಾಳೆಗರಿ ಕಟ್ಟು ಇದಕ್ಕಿಂತ ಒಳ್ಳೆಯದು, ಆದರೆ ಅದರ ಗುಣ ಗೊತ್ತಿರಬೇಕು. ಕಂಟ ಎಂಬ ಚೂಪು ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರಕ್ಕೆ ಮಸಿ ತೀಡಿರುತ್ತಾರೆ. ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟುತ್ತಾರೆ. ಹಳೆಯ ಗರಿ ಮಡಿಸಿದರೆ ಮುರಿಯುತ್ತದೆ. ನಾಯಕ ಅದನ್ನು ಸುರುಳಿ ಸುತ್ತಿ ಷರ್ಟಿನೊಳಗೆ ಸಿಕ್ಕಿಸಿಕೊಂಡ ಎಂದು ಬರೆದರೆ ತಿಳಿದ ಓದುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ. ಜಾಮಿಟ್ರಿ ಬಾಕ್ಸಿನಲ್ಲೂ ಹಿಡಿಸದ ಉದ್ದನೆಯ ಕಟ್ಟನ್ನು ಹುಡುಗ ಹೇಗೆ ಸಾಗಿಸುತ್ತಾನೆ ಎಂಬುದೇ ಒಂದು ಅಧ್ಯಾಯವಾಗಲಿ. ಗರಿ ಕೆಡದಿರಲೆಂದು ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದುಂಟು. ಕಳ್ಳನ ಕೈಯಲ್ಲಿ ಉಳಿದ ಆ ವಾಸನೆ ಒಳ್ಳೆಯ ಸುಳಿವು.

ಸಂಕೇತಕ್ಕೆ ಕಟಪಯಾದಿ ಬಳಸಿ, ಅದು ಅಕ್ಷರಗಳಲ್ಲಿ ಅಂಕಿ ಅಡಗಿಸುವ ಹಳೆಯ ಪದ್ಧತಿ. ಕ, ಟ, ಪ, ಯ ಇವೆಲ್ಲ 1. ಅಲ್ಲಿಂದ ಅಕ್ಷರಮಾಲೆಯ ಸಾಲಿನಲ್ಲೇ 2, 3 ಎಂದು ಎಣಿಸುತ್ತ ಹೋಗಬೇಕು. ಞ, ನ ಸೊನ್ನೆ. ಬಂದ ಅಂಕಿಗಳನ್ನು ತಿರುಗಿಸಿ ಓದಬೇಕು. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಇದು ಅಡಗಿದೆ: ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುಗಿಸಿದರೆ 15ನೇ ಮೇಳ. ಧೀರಶಂಕರಾಭರಣದಲ್ಲಿ ಧ 9, ರ 2, ಅಂದರೆ 29. ಅಕ್ಕ ಸಂಗೀತ ಕಲಿಯುತ್ತಿದ್ದರೆ ಸಾಕು, ಹುಡುಗನಿಗೆ ಇದು ಗೊತ್ತಿರುವುದಕ್ಕೆ ಬೇರೆ ಕಾರಣ ಬೇಡ. ಇದರಲ್ಲಿ ಸಂಖ್ಯೆ ಮಾತ್ರ ಬಚ್ಚಿಡಬಹುದು: ರೂಮು, ಬಸ್ಸು, ಲಾಕರು. ಒತ್ತಕ್ಷರವಿರುವ ಪದ ಬೇಡ, ಯಾವ ವ್ಯಂಜನ ಎಣಿಸಬೇಕೆಂದು ಓದುವ ಮಗು ತಡವರಿಸುತ್ತದೆ. ಸೂತ್ರವನ್ನು ಮೊದಲೇ ಹೇಳಿಬಿಡಿ, ಉತ್ತರ ಹತ್ತು ಪುಟ ತಡವಾಗಿ ಬರಲಿ. ಓದುವ ಹುಡುಗಿ ನಾಯಕನಿಗಿಂತ ಮುಂಚೆ ಬಿಡಿಸಿದರೆ ಅದು ನಿಮ್ಮ ಗೆಲುವು.

ಸುದ್ದಿ ನಂಬುವುದಕ್ಕೂ ಅರ್ಥಶಾಸ್ತ್ರದ ನಿಯಮವಿದೆ: ಮೂವರು ಚಾರರ ಮಾತು ಒಂದೇ ಆದಾಗ ನಂಬು. ಕಥೆಯಲ್ಲಿ ಆ ಮೂವರು ಒಬ್ಬರಿಗೊಬ್ಬರು ಪರಿಚಯವಿಲ್ಲದವರಾಗಿರಲಿ. ಎರಡು ಸುದ್ದಿ ಕೂಡಿ ಮೂರನೆಯದು ತಾಳೆಯಾಗದಿದ್ದಾಗ ಅವಸರಪಟ್ಟು ಹುಡುಗ ತಪ್ಪಲಿ. ನಡುಭಾಗ ನಿಲ್ಲುವುದು ಅದರ ಮೇಲೆ.

ದಾರಿಗಳನ್ನು ಓಡಾಡಿ ನೋಡಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು, ಸೈಕಲ್ಲಿನಲ್ಲಿ ಒಂದು ತಾಸು. ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಸೈಕಲ್ಲು ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಕಾರಿನ ಹಿಂದೆ ಓಡುವುದು ಹುಡುಗನಿಂದಾಗದು. ಕಾರು ಎಲ್ಲಿ ಇಳಿಯುತ್ತದೆಂದು ಮೊದಲೇ ಊಹಿಸಬೇಕು.

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಓಡಿಸುವವರು ಎಚ್ಚರ. ಬೆಳೆದ ಕಬ್ಬು ಆಳನ್ನೂ ಮುಚ್ಚುತ್ತದೆ ನಿಜ, ಆದರೆ ಒಣಗಿದ ಗರಿ ಕಾಲಡಿ ಸರಸರ ಸದ್ದು ಮಾಡುತ್ತದೆ, ಹಸಿ ಗರಿಯ ಅಂಚು ಮುಖ ಮೊಣಕೈ ಕೊಯ್ಯುತ್ತದೆ. ಅಲ್ಲಿ ಕೂತು ಬಚ್ಚಿಟ್ಟುಕೊಳ್ಳಬಹುದು, ಸದ್ದಿಲ್ಲದೆ ಓಡಲಾಗದು. ಹಿಂದಿನ ದಿನ ನಾಲೆಯ ನೀರು ಹಾಯಿಸಿದ್ದರೆ ಹೆಜ್ಜೆಯೂ ಉಳಿಯುತ್ತದೆ. ಸುದ್ದಿ ಸಿಗುವ ಜಾಗ ಆಲೆಮನೆ. ಕೊಪ್ಪರಿಗೆ ಕುದಿಯುವಷ್ಟು ಹೊತ್ತು ಅಲ್ಲಿ ಜನ ಎಚ್ಚರವಾಗಿರುತ್ತಾರೆ. ಬಂದ ಹುಡುಗನಿಗೆ ಕಬ್ಬಿನ ಹಾಲು ಕೊಟ್ಟು "ಯಾರ್ ಮಗ್ನಲಾ ನೀನು?" ಎಂದು ಕೇಳುತ್ತಾರೆ. ಉತ್ತರ ಅವನ ಬಳಿ ಸಿದ್ಧವಿರಬೇಕು.

ಮಾತೂ ಸುಳಿವೇ. ಮದ್ದೂರಿನ ಕಡೆಯವನೆಂದು ಹೇಳಿಕೊಂಡವನು ಎಲ್ಲ ಸರಿಯಾಗಿ ಆಡಿ, ಗಾಬರಿಯಲ್ಲಿ "ಓಯ್ತೀನಿ" ಬದಲು "ಹೋಗ್ತೇನೆ" ಅಂದುಬಿಟ್ಟರೆ ಹುಡುಗನ ಕಿವಿ ನಿಮಿರಲಿ. ಇದಕ್ಕೆ ಮುಂಚೆ ಎರಡು ಮೂರು ಕಡೆ ನಿಜವಾದ ಮಂಡ್ಯದ ಮಾತನ್ನು ಓದುಗರಿಗೆ ಕೇಳಿಸಿರಬೇಕು.

ಉದ್ದ ಹೀಗಿರಲಿ: 24 ಅಧ್ಯಾಯ, ಒಂದೊಂದು 1,200ರಿಂದ 1,500 ಪದ. ಮೊದಲ ಮೂರು ಅಧ್ಯಾಯ ಮುಗಿದೊಡನೆ 8ನೇ ಅಥವಾ 9ನೇ ಕ್ಲಾಸಿನ ಇಬ್ಬರಿಗೆ ಓದಲು ಕೊಡಿ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಎಲ್ಲಿ ಪುಸ್ತಕ ಕೆಳಗಿಟ್ಟು ಎದ್ದರು ಎಂದು ನೋಡಿ, ಆ ಪುಟದ ಹಿಂದಿನ ಎರಡು ಪುಟ ತಿದ್ದಿ.